ಹಳೆಯ ಯಂತ್ರ, ಹೊಸ ವಿದ್ಯಾರ್ಥಿ: ಉಪಕರಣದಾನದ ಕುರಿತು ಒಂದು ಚಿಂತನೆ

ಗೃಹಸ್ಥನಾದ ಶ್ರಾವಕನಿಗೆ ಹೇಳಿದ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸುಗಳ ತರುವಾಯ ಆರನೆಯದಾಗಿ ದಾನವು ಬರುತ್ತದೆ. ದಾನವೆಂದೊಡನೆ ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳೂ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಬೆರಳೆಣಿಸಿ ಹೇಳುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ನಾಲ್ಕನ್ನು ತುಸು ಬೇರೆಯಾಗಿ ಎಣಿಸಿ ಆಹಾರ, ಔಷಧ, ಉಪಕರಣ, ಆವಾಸ ಎಂದು ಹೇಳಿದ್ದಾರೆ. ಅಲ್ಲಿ ಉಪಕರಣವೆಂದರೆ ಮುನಿಗಳ ಸಂಯಮಕ್ಕೂ ಜ್ಞಾನಕ್ಕೂ ನೆರವಾಗುವ ಪಿಂಛಿ, ಕಮಂಡಲು, ಶಾಸ್ತ್ರಾದಿಗಳು. ಆ ವಿಧಿಯು ಸತ್ಪಾತ್ರರಾದ ತ್ಯಾಗಿಗಳಿಗೆ ಸಂಬಂಧಿಸಿದ್ದು ನಿಜ. ಆದರೂ ಕಲಿಯುವವನ ಕೈಗೆ ಕಲಿಕೆಯ ಸಾಧನವನ್ನು ಕೊಡುವುದು ಆ ದಾನದ ನೆರಳಿನಲ್ಲಿಯೇ ಇರುವ ಕಾರ್ಯವೆಂದು ಭಾವಿಸಿದರೆ ತಪ್ಪಾಗಲಾರದು. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ದಾನವನ್ನು ನಾಲ್ಕಾಗಿ ವಿಂಗಡಿಸಿ ಗೃಹಸ್ಥನ ಔದಾರ್ಯಕ್ಕೆ ವಿಶಾಲವಾದ ಅವಕಾಶವನ್ನು ಕೊಟ್ಟಿದ್ದಾರೆ.

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಬಯಸುತ್ತೇನೆ. ನಮ್ಮ ಮನೆಯ ಕಪಾಟಿನಲ್ಲಿ ಬಳಕೆ ತಪ್ಪಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪನ್ನು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಒಬ್ಬ ಬಡ ವಿದ್ಯಾರ್ಥಿಗೆ ಕೊಟ್ಟರೆ ಅದು ದಾನವಾಗುವುದೇ? ಮೇಲ್ನೋಟಕ್ಕೆ ಇದಕ್ಕೆ ಉತ್ತರ ಸುಲಭ. ಕಳೆದ ವರ್ಷದವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಗಜೇಂದ್ರಗಡದಲ್ಲಿ ಮಗ್ಗದ ಕೆಲಸದಿಂದ ಜೀವನ ಸಾಗಿಸುವ ಒಂದು ಕುಟುಂಬವಿದೆ. ಪಟ್ಟೇದಂಚಿನ ಸೀರೆಗೆ ಹೆಸರಾದ ಊರು ಅದು. ಆ ಮನೆಯ ಹುಡುಗನು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದನು. ತಂದೆಯ ಮೊಬೈಲ್ ಫೋನಿನ ಚಿಕ್ಕ ಪರದೆಯ ಮೇಲೆಯೇ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಮೊದಲ ಪಾಠಗಳನ್ನು ಕಲಿತಿದ್ದನು. ಪರಿಚಿತರೊಬ್ಬರ ಮುಖಾಂತರ ಈ ವಿಷಯ ನನಗೆ ತಿಳಿಯಿತು. ನನ್ನ ಮಗನು 2014ರಲ್ಲಿ ಕೊಂಡು, ಮುಂದೆ ಹೊಸದು ಬಂದ ಮೇಲೆ ನನಗೆ ಬಿಟ್ಟುಹೋದ ಲ್ಯಾಪ್‌ಟಾಪ್ ರೋಣದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಸುಮ್ಮನೆ ಇತ್ತು. ಅದನ್ನು ಒರೆಸಿ, ಚೀಲದಲ್ಲಿ ಹಾಕಿ, ದಸಲಕ್ಷಣ ಪರ್ವದ ದಿನಗಳಲ್ಲಿ ಹುಡುಗನಿಗೆ ಕೊಟ್ಟುಬಂದೆನು. ಉತ್ತಮ ತ್ಯಾಗದ ದಿನವೇ ಕೊಟ್ಟೆನೆಂಬ ಒಂದು ಸಮಾಧಾನವೂ ಮನಸ್ಸಿನಲ್ಲಿತ್ತು. ಹುಡುಗನ ತಾಯಿ ಯಂತ್ರವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ನಾನು ಚಹಾ ಕುಡಿದು ಮರಳಿದೆನು.

ಮೂರು ತಿಂಗಳ ಬಳಿಕ ಬೇರೊಂದು ಕೆಲಸಕ್ಕೆ ಗಜೇಂದ್ರಗಡಕ್ಕೆ ಹೋದಾಗ ಆ ಮನೆಗೆ ಹೋದೆನು. ಯಂತ್ರವು ಅದೇ ಚೀಲದಲ್ಲಿ ಗೂಟಕ್ಕೆ ತೂಗುಹಾಕಿತ್ತು. ಕಲಿಕೆ ಎಲ್ಲಿಗೆ ಬಂತೆಂದು ಕೇಳಿದೆನು. ಹುಡುಗನು ತಲೆ ಎತ್ತಲಿಲ್ಲ. ತಂದೆ ಒತ್ತಾಯಿಸಿದ ಮೇಲೆ ಮೆಲ್ಲಗೆ, “ಅಜ್ಜಾರ, ನನಗ ಇದು ಆಗೂದಿಲ್ರಿ. ನನ್ನ ತಲಿ ಭಾಳ ನಿಧಾನ ಐತಿ” ಎಂದನು.

ಯಂತ್ರವನ್ನು ತೆಗೆಸಿ, ಚಾಲೂ ಮಾಡಿಸಿ, ಅವನ ಪಕ್ಕದಲ್ಲಿಯೇ ಕುಳಿತೆನು. ಪರದೆಯು ಕೆಲಸಕ್ಕೆ ಸಿದ್ಧವಾಗಲು ಏಳು ನಿಮಿಷ ಹಿಡಿಯಿತು. ಒಂದು ಸಾಲು ಬರೆದು ಅದನ್ನು ನಡೆಸೆಂದು ಆಜ್ಞೆ ಕೊಟ್ಟರೆ ಯಂತ್ರವು ಗುರುಗುಟ್ಟುತ್ತ ನಿಲ್ಲುತ್ತಿತ್ತು. ಬರೆದದ್ದು ತಪ್ಪೋ, ಯಂತ್ರವು ಇನ್ನೂ ಯೋಚಿಸುತ್ತಿದೆಯೋ ಹುಡುಗನಿಗೆ ತಿಳಿಯುತ್ತಿರಲಿಲ್ಲ. ತಿಳಿಯದೆ ಸರಿಯಾಗಿದ್ದ ಸಾಲನ್ನೂ ಅಳಿಸಿ ಮತ್ತೆ ಬರೆಯುತ್ತಿದ್ದನು. ಬ್ಯಾಟರಿ ಪೂರ್ತಿ ಸತ್ತಿತ್ತು. ವಿದ್ಯುತ್ತು ಹೋದ ಕ್ಷಣವೇ ಬರೆದದ್ದೆಲ್ಲ ಹೋಗುತ್ತಿತ್ತು. ಫೋನಿನಲ್ಲಿ ಚುರುಕಾಗಿ ಕಲಿತ ಹುಡುಗನು ನನ್ನ ದಾನವನ್ನು ಪಡೆದ ಮೇಲೆ ತಾನು ಮಂದಬುದ್ಧಿಯವನೆಂದು ನಂಬಿದ್ದನು. ಯಂತ್ರದ ದೋಷವನ್ನು ಅವನು ತನ್ನ ದೋಷವೆಂದುಕೊಂಡಿದ್ದನು. ಯಂತ್ರವು ಕೆಟ್ಟಿದೆಯೆಂದು ಹೇಳುವುದು ಕೊಟ್ಟವರಿಗೆ ಅಗೌರವವೆಂದು ತಾಯಿತಂದೆಗಳೂ ಸುಮ್ಮನಿದ್ದರು.

ಅಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾಡಿದ್ದು ದಾನವೇ, ಹಿಂಸೆಯೇ ಎಂಬ ಪ್ರಶ್ನೆ ಕಾಡಿತು. ಕೋಲಿನಿಂದ ಹೊಡೆಯುವುದು ಮಾತ್ರ ಹಿಂಸೆಯಲ್ಲವೆಂದು, ಪ್ರಮಾದದಿಂದ ಇನ್ನೊಬ್ಬರಿಗೆ ನೋವುಂಟುಮಾಡುವುದೂ ಹಿಂಸೆಯೆಂದು ನಾವು ಎಷ್ಟು ಪ್ರವಚನಗಳಲ್ಲಿ ಕೇಳಿಲ್ಲ! ನನ್ನಲ್ಲಿ ದುರುದ್ದೇಶವಿರಲಿಲ್ಲ, ಆದರೆ ಪ್ರಮಾದವು ಖಂಡಿತವಾಗಿ ಇತ್ತು. ಕೊಡುವ ಮೊದಲು ಆ ಯಂತ್ರದ ಮುಂದೆ ಅರ್ಧ ಗಂಟೆ ಕುಳಿತು ಅದು ಕೆಲಸ ಮಾಡುವುದೋ ಇಲ್ಲವೋ ಎಂದು ನಾನು ನೋಡಿರಲಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಲಕ್ಷಣವನ್ನು ಹೇಳುತ್ತಾರೆ. ಉಪಕಾರದ ಸಲುವಾಗಿ ತನ್ನದನ್ನು ಬಿಟ್ಟುಕೊಡುವುದು ದಾನ. ಅದರ ಬೆನ್ನಿಗೇ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯ ಉಂಟಾಗುತ್ತದೆಂದು ಸೂಚಿಸುತ್ತಾರೆ. ನನ್ನ ದಾನವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಿದೆನು. ಪಾತ್ರದಲ್ಲಿ ಯಾವ ಕೊರತೆಯೂ ಇರಲಿಲ್ಲ. ದ್ರವ್ಯವು ದೋಷಯುಕ್ತವಾಗಿತ್ತು. ವಿಧಿಯೆಂದರೆ ಒಂದು ಕಪ್ ಚಹಾದಲ್ಲಿ ಮುಗಿದುಹೋಗಿತ್ತು. ದಾತೃವಿನ ವಿಷಯವಂತೂ ಹೇಳುವುದೇ ಬೇಡ: ಬೇಡವಾದದ್ದೊಂದು ಮನೆಯಿಂದ ಹೋಯಿತೆಂಬ ಹಗುರವನ್ನು ನಾನು ತ್ಯಾಗದ ಆನಂದವೆಂದು ಎಣಿಸಿದ್ದೆನು.

ಇನ್ನೊಂದು ಸಂಗತಿಯೂ ಆಮೇಲೆ ಹೊಳೆಯಿತು. ಆ ಯಂತ್ರದಲ್ಲಿ ನಮ್ಮ ಮನೆಯ ಫೋಟೋಗಳು, ಬ್ಯಾಂಕಿನ ಕಾಗದಪತ್ರಗಳು ಹಾಗೆಯೇ ಉಳಿದಿದ್ದವು. ವ್ಯವಹಾರದ ದೃಷ್ಟಿಯಿಂದ ಇದು ಅಪಾಯಕರ. ಧರ್ಮದ ದೃಷ್ಟಿಯಿಂದ ಇದಕ್ಕೆ ಮತ್ತೊಂದು ಅರ್ಥವಿದೆ. ಯಂತ್ರವನ್ನು ಕೊಟ್ಟಿದ್ದೆನು, ಆದರೆ ಅದರೊಳಗಿನ “ನನ್ನದು” ಎಂಬುದನ್ನು ಬಿಟ್ಟಿರಲಿಲ್ಲ. ಪೂರ್ತಿಯಾಗಿ ಬಿಡದೆ ಕೊಟ್ಟದ್ದನ್ನು ತ್ಯಾಗವೆಂದು ಹೇಗೆ ಕರೆಯುವುದು?

ಮರುವಾರ ಆ ಯಂತ್ರವನ್ನು ಹುಡುಗನ ಜೊತೆಗೇ ತೆಗೆದುಕೊಂಡು ಹುಬ್ಬಳ್ಳಿಯ ಒಂದು ದುರಸ್ತಿ ಅಂಗಡಿಗೆ ಹೋದೆನು. ಅಲ್ಲಿ ತಿಳಿದದ್ದನ್ನು ವಾಚಕರಿಗೆ ಉಪಯೋಗವಾಗಲೆಂದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಹಿತಿಯನ್ನು ಇಡುವುದು ಹಾರ್ಡ್ ಡಿಸ್ಕ್ ಎಂಬ ಸುತ್ತುವ ತಟ್ಟೆಯಲ್ಲಿ. ಅದರ ಮೇಲೆ ಒಂದು ಸೂಕ್ಷ್ಮವಾದ ತೋಳು ಅತ್ತಿತ್ತ ಸರಿದು ಒಂದೊಂದೇ ತುಣುಕನ್ನು ಓದಬೇಕು. ಇಂದಿನ ತಂತ್ರಾಂಶಗಳು ಸಾವಿರಾರು ಚಿಕ್ಕ ತುಣುಕುಗಳನ್ನು ಒಮ್ಮೆಲೇ ಬೇಡುವುದರಿಂದ ಆ ತೋಳಿನ ಓಡಾಟದಲ್ಲಿಯೇ ಕಾಲವೆಲ್ಲ ಕಳೆಯುತ್ತದೆ. ಇದರ ಬದಲಿಗೆ ಎಸ್‌ಎಸ್‌ಡಿ ಎಂಬ, ಚಲಿಸುವ ಭಾಗಗಳೇ ಇಲ್ಲದ ಸಾಧನವನ್ನು ಅದೇ ಜಾಗದಲ್ಲಿ ಕೂಡಿಸಬಹುದು. ಎರಡನೆಯದು ರ‍್ಯಾಮ್. ಇದನ್ನು ಸ್ವಾಧ್ಯಾಯದ ವ್ಯಾಸಪೀಠಕ್ಕೆ ಹೋಲಿಸಬಹುದು. ಪೀಠವು ಚಿಕ್ಕದಾದರೆ ಒಂದು ಗ್ರಂಥವನ್ನು ಮುಚ್ಚಿ ಕಪಾಟಿಗಿಟ್ಟು ಇನ್ನೊಂದನ್ನು ತರಬೇಕು. ದೊಡ್ಡದಾದರೆ ಮೂಲ, ಟೀಕೆ, ಕೋಶ ಮೂರನ್ನೂ ಒಟ್ಟಿಗೆ ತೆರೆದಿಡಬಹುದು. ನಮ್ಮ ಯಂತ್ರದಲ್ಲಿ ನಾಲ್ಕು ಜಿಬಿ ಇತ್ತು. ಖಾಲಿ ಇದ್ದ ಎರಡನೆಯ ಗೂಡಿನಲ್ಲಿ ಇನ್ನೂ ನಾಲ್ಕು ಜಿಬಿ ಸೇರಿಸಿದರು. ಈ ರ‍್ಯಾಮಿನಲ್ಲಿ ಡಿಡಿಆರ್3, ಡಿಡಿಆರ್4 ಎಂದು ತಲೆಮಾರುಗಳಿವೆ. ಒಂದು ತಲೆಮಾರಿನದು ಇನ್ನೊಂದರ ಗೂಡಿಗೆ ಹೊಂದದು. ಆದ್ದರಿಂದ ಯಂತ್ರವನ್ನು ಬಿಚ್ಚಿ ನೋಡಿಯೇ ಕೊಳ್ಳಬೇಕು. ಮೂರನೆಯದಾಗಿ ಸತ್ತ ಬ್ಯಾಟರಿಯನ್ನು ಬದಲಿಸಿದರು. ಉಬ್ಬಿದ ಬ್ಯಾಟರಿ ಕಂಡರಂತೂ ಆ ಯಂತ್ರವನ್ನು ಒಡನೆಯೇ ನಿಲ್ಲಿಸಬೇಕು. ಅದು ಬೆಂಕಿಗೆ ಕಾರಣವಾಗಬಹುದು. ಕೊನೆಗೆ ಫ್ಯಾನಿನ ದೂಳನ್ನು ತೆಗೆದು, ಬಿಸಿಯನ್ನು ಸಾಗಿಸುವ ಒಣಗಿದ ಲೇಪವನ್ನು ಹೊಸದಾಗಿ ಹಚ್ಚಿದರು.

ತಂತ್ರಾಂಶದ ವಿಷಯದಲ್ಲಿಯೂ ಒಂದು ಮಾತು. ವಿಂಡೋಸ್ 10ಕ್ಕೆ ಅದರ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಬಯಸುವ ಭದ್ರತಾ ಚಿಪ್ಪೂ ಹೊಸ ಪ್ರೊಸೆಸರೂ 2014ರ ಯಂತ್ರದಲ್ಲಿ ಇರುವುದಿಲ್ಲ. ಹೀಗೆ ಇನ್ನೂ ಗಟ್ಟಿಯಾಗಿರುವ ಅಸಂಖ್ಯ ಯಂತ್ರಗಳು ಗುಜರಿಯ ಬಾಗಿಲಿಗೆ ಬಂದು ನಿಂತಿವೆ. ಆದರೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವು ಇಂಥ ಯಂತ್ರಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕದ್ದ ಪ್ರತಿಯ ಅಚೌರ್ಯದೋಷವೂ ಇಲ್ಲ. ಅದರ ಮಿಂಟ್ ಎಂಬ ರೂಪದಲ್ಲಿ ಪೈಥಾನ್ ಮೊದಲೇ ಇರುತ್ತದೆ. ಕನ್ನಡದಲ್ಲಿ ಬರೆಯುವ ಕೀಲಿಮಣೆ ವಿನ್ಯಾಸಗಳೂ ಉಚಿತವಾಗಿ ದೊರೆಯುತ್ತವೆ. ಇದು ಬಡವರಿಗೆಂದು ಮಾಡಿದ ಕೆಳದರ್ಜೆಯ ಸಾಮಗ್ರಿಯೆಂದು ಯಾರೂ ತಿಳಿಯಬಾರದು. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಮುಕ್ತ ತಂತ್ರಾಂಶದಲ್ಲಿಯೇ ಕಂಪ್ಯೂಟರ್ ಶಿಕ್ಷಣವನ್ನು ನಡೆಸುತ್ತಿವೆ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಒಟ್ಟು ಖರ್ಚು ಐದು ಸಾವಿರ ರೂಪಾಯಿಯ ಒಳಗೆ ಮುಗಿಯಿತು. ಏಳು ನಿಮಿಷ ಹಿಡಿಯುತ್ತಿದ್ದ ಯಂತ್ರವು ಅರ್ಧ ನಿಮಿಷದಲ್ಲಿ ತೆರೆದುಕೊಂಡಿತು. ಹುಡುಗನು ಅಂಗಡಿಯವನ ಕೈಯನ್ನೇ ನೋಡುತ್ತ ನಿಂತಿದ್ದನು. ಹಳೆಯ ಡಿಸ್ಕನ್ನು ಕೈಗೆ ತೆಗೆದುಕೊಂಡು, “ಇದಽ ಏನ್ರಿ ನಿಧಾನ ಇದ್ದದ್ದು?” ಎಂದು ಕೇಳಿದನು. ಹೌದೆಂದು ಹೇಳಲು ನನಗೆ ಧ್ವನಿ ಬರಲಿಲ್ಲ, ತಲೆಯಾಡಿಸಿದೆನು.

ಹಳೆಯದನ್ನು ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮಗೆ ಕೌದಿಯನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಹಳೆಯ ಸೀರೆಗಳನ್ನು ಒಗೆದು, ಜೀರ್ಣವಾದ ಭಾಗವನ್ನು ಕತ್ತರಿಸಿ ತೆಗೆದು, ಪದರಿನ ಮೇಲೆ ಪದರು ಜೋಡಿಸಿ, ಅಜ್ಜಿಯರು ತಿಂಗಳುಗಟ್ಟಲೆ ಹೊಲಿದ ಕೌದಿಯಲ್ಲಿಯೇ ನಮ್ಮಲ್ಲಿ ಹಸುಗೂಸನ್ನು ಮಲಗಿಸುತ್ತಾರೆ. ಹಳೆಯ ಬಟ್ಟೆಯಲ್ಲಿ ಕೂಸನ್ನು ಮಲಗಿಸಿದರೆಂದು ಯಾರೂ ಅವಮಾನಪಡುವುದಿಲ್ಲ. ಅದೇ ಸೀರೆಯನ್ನು ಹರಿದಂತೆಯೇ ಎತ್ತಿ ಎಸೆದಿದ್ದರೆ ಅವಮಾನವಾಗುತ್ತಿತ್ತು. ಎರಡರಲ್ಲಿಯೂ ಬಟ್ಟೆ ಒಂದೇ. ನಡುವೆ ಇರುವ ವ್ಯತ್ಯಾಸ ಕೊಡುವವರ ಸೂಜಿಯ ಕೆಲಸ. ಹಳೆಯ ವಸ್ತುವಿಗೆ ಕೊಡುವವನು ಏನನ್ನು ಸೇರಿಸುತ್ತಾನೋ ಅದೇ ಅವನ ದಾನ. ಆ ಐದು ಸಾವಿರ ರೂಪಾಯಿಯೂ ಹುಬ್ಬಳ್ಳಿಯಲ್ಲಿ ಕಳೆದ ಒಂದು ದಿನವೂ ನಾನು ಮಾಡಿದ ದಾನ. ಅದಕ್ಕೆ ಮೊದಲು ಕೊಟ್ಟದ್ದು ಮನೆಯ ಕಸವನ್ನು ಜಾಗ ಬದಲಿಸಿದ್ದು ಮಾತ್ರ.

ನಮ್ಮ ಪರಂಪರೆಯೂ ಇದನ್ನೇ ಹೇಳುತ್ತದೆ. ಶಾಸ್ತ್ರದಾನಕ್ಕೆ ದೃಷ್ಟಾಂತವಾಗಿ ಹೇಳುವ ಕೌಂಡೇಶನ ಕಥೆಯನ್ನು ನೆನೆಯೋಣ. ಹಿಂದಿನ ಜನ್ಮದಲ್ಲಿ ಗೋವಿಂದನೆಂಬ ದನಗಾಹಿಯಾಗಿದ್ದ ಅವನಿಗೆ ಮರದ ಪೊಟರೆಯಲ್ಲಿ ಒಂದು ಶಾಸ್ತ್ರಗ್ರಂಥ ಸಿಕ್ಕಿತು. ಅವನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆದರೂ ಅದನ್ನು ಜೋಪಾನವಾಗಿಟ್ಟು, ಆದರದಿಂದ ಪೂಜಿಸಿ, ಓದಬಲ್ಲ ಮುನಿಗಳ ಕೈಗೆ ಒಪ್ಪಿಸಿದನು. ಆ ಗ್ರಂಥವೂ ಹಳೆಯದೇ, ದಾನಿಯು ಕೊಂಡದ್ದೂ ಅಲ್ಲ. ಅದನ್ನು ದಾನವಾಗಿಸಿದ್ದು ಅವನ ಜೋಪಾನ ಮತ್ತು ಆದರ. ಇನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ನಮ್ಮ ಜಿಲ್ಲೆಯ ಹೆಮ್ಮೆ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಆ ಮಹಾತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ತಾಳೆಗರಿಯನ್ನು ಹದಮಾಡುವುದರಿಂದ ಹಿಡಿದು ಲಿಪಿಕಾರರಿಗೆ ಅನ್ನ-ಸಂಭಾವನೆಗಳನ್ನು ಕೊಡುವವರೆಗೆ ಸಾವಿರ ಪ್ರತಿಗಳೆಂದರೆ ಎಷ್ಟು ಶ್ರಮ! ನಡುವೆ ಹತ್ತು ಗರಿಗಳಿಲ್ಲದ ಪುರಾಣವನ್ನು ಕೊಟ್ಟಿದ್ದರೆ ಅದು ಶಾಸ್ತ್ರದಾನವಾಗುತ್ತಿರಲಿಲ್ಲ. ಚಾರ್ಜರ್ ಇಲ್ಲದ, ಬ್ಯಾಟರಿ ಸತ್ತ ಲ್ಯಾಪ್‌ಟಾಪೂ ಗರಿ ಕಳೆದ ಗ್ರಂಥದಂತೆಯೇ ಸರಿ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುವ ಬದಲು ಹೊಸ ಯಂತ್ರವನ್ನೇ ಕೊಡಿಸಬಾರದೇಕೆ? ನನ್ನ ಮಗನೂ ಇದನ್ನೇ ಕೇಳಿದನು. ಶಕ್ತಿಯಿದ್ದವರು ಕೊಡಿಸಬಹುದು, ಸಂತೋಷ. ಆದರೆ ದುರಸ್ತಿಯಿಂದ ಬದುಕುವ ಯಂತ್ರವನ್ನು ಬಿಸಾಡಿ ಹೊಸದನ್ನು ಕೊಳ್ಳುವುದು ಅಹಿಂಸೆಯ ದೃಷ್ಟಿಯಿಂದ ನಿರ್ದೋಷವಲ್ಲ. ಲ್ಯಾಪ್‌ಟಾಪ್ ತನ್ನ ಜೀವಮಾನದಲ್ಲಿ ವಾತಾವರಣದ ಮೇಲೆ ಹೊರಿಸುವ ಭಾರದಲ್ಲಿ ದೊಡ್ಡ ಪಾಲು ಅದನ್ನು ಬಳಸುವಾಗಿನದಲ್ಲ, ಅದನ್ನು ತಯಾರಿಸುವಾಗಿನದು. ಅದರೊಳಗಿನ ತಾಮ್ರ, ಚಿನ್ನ, ಲಿಥಿಯಂ, ಕೋಬಾಲ್ಟುಗಳು ಯಾವುದೋ ಬೆಟ್ಟವನ್ನು ಅಗೆದು ಬಂದವು. ಕೋಬಾಲ್ಟಿನ ಬಹುಪಾಲು ಬರುವ ಕಾಂಗೋ ದೇಶದ ಕೈಗಣಿಗಳಲ್ಲಿ ಚಿಕ್ಕ ಮಕ್ಕಳು ದುಡಿಯುತ್ತಿರುವುದನ್ನು ಜಗತ್ತು ಬಲ್ಲದು. ನಮ್ಮ ಜಿಲ್ಲೆಯ ಕಪ್ಪತಗುಡ್ಡವನ್ನು ಗಣಿಯಿಂದ ಉಳಿಸಲು ಜನರೂ ಮಠಾಧೀಶರೂ ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವೆಂದು ಘೋಷಿತವಾಯಿತು. ನಮ್ಮ ಯಂತ್ರಕ್ಕಾಗಿ ಅಗೆದ ಬೆಟ್ಟವೂ ಇನ್ನೊಂದು ಊರಿನವರ ಕಪ್ಪತಗುಡ್ಡವಾಗಿರುತ್ತದೆ. ಭೂಮಿಯನ್ನು ಒಡೆದು ಅಗೆಯುವ ಸ್ಫೋಟಕರ್ಮವನ್ನು ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಎಣಿಸಿದ್ದಾರೆ. ಪೃಥ್ವೀಕಾಯಿಕ ಜೀವಗಳ ಮಾತನ್ನು ನಿತ್ಯ ಪ್ರತಿಕ್ರಮಣದಲ್ಲಿ ಆಡುವ ನಾವು, ಅದನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸುವಾಗ ಮರೆಯಬಾರದು.

ಆದರೆ ಈ ವಾದದಲ್ಲಿ ಒಂದು ಮೋಸವೂ ಅಡಗಿದೆ, ಅದನ್ನು ಹೇಳದಿದ್ದರೆ ಲೇಖನವು ಅಪ್ರಾಮಾಣಿಕವಾಗುತ್ತದೆ. ಮೂರು ವರ್ಷಕ್ಕೊಮ್ಮೆ ಯಂತ್ರ ಬದಲಿಸುವವನು ನೇಕಾರನ ಮಗನಿಗೆ ಮಾತ್ರ ಅಪರಿಗ್ರಹವನ್ನು ಬೋಧಿಸಿದರೆ ಅದು ಧರ್ಮವಲ್ಲ, ಕೃಪಣತೆ. ಪರಿಮಾಣವ್ರತವನ್ನು ನಾವು ನಮಗಾಗಿ ತೆಗೆದುಕೊಳ್ಳುತ್ತೇವೆ, ಇನ್ನೊಬ್ಬನ ತಲೆಗೆ ಕಟ್ಟಲು ಅಲ್ಲ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳೂ ಪ್ರೋಗ್ರಾಂ ಬರೆಯಲು ಕಲಿಯುತ್ತಿದ್ದಾಳೆ. ಅವಳಿಗೆ ಹೊಸ ಯಂತ್ರವನ್ನು ಕೊಡಿಸಿದಾಗ ನನಗೆ ಕಾಂಗೋ ದೇಶವಾಗಲಿ ಕಪ್ಪತಗುಡ್ಡವಾಗಲಿ ನೆನಪಾಗಿರಲಿಲ್ಲ. ಜಿನಸೇನಾಚಾರ್ಯರು ಹೇಳಿದ ಅನ್ವಯದತ್ತಿಯು ತನ್ನ ವಂಶದವರಿಗೆ ಕೊಡುವುದು. ದಯಾದತ್ತಿಯು ದೀನರಿಗೆ ಕೊಡುವುದು. ಎರಡಕ್ಕೂ ಎರಡು ತಕ್ಕಡಿ ಇರಬಾರದೆಂದು ನನಗನಿಸುತ್ತದೆ. ಆದ್ದರಿಂದ ಹಳೆಯ ಯಂತ್ರವನ್ನು ಕೊಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಯಂತ್ರದ ಮುಂದೆ ನನ್ನ ಮೊಮ್ಮಗಳನ್ನು ಕೂಡಿಸಲು ನಾನು ಸಿದ್ಧನಿದ್ದೇನೆಯೇ? ಸಿದ್ಧನಿಲ್ಲದಿದ್ದರೆ, ಸಿದ್ಧನಾಗುವವರೆಗೆ ಅದನ್ನು ಸರಿಪಡಿಸಬೇಕು. ಸರಿಪಡಿಸಲಾಗದಿದ್ದರೆ ಕೊಡಬಾರದು. ಈ ವರ್ಷ ಮಗನು ತನ್ನ ಯಂತ್ರವನ್ನು ಬದಲಿಸಲು ಹೊರಟಾಗ ಇದೇ ಪ್ರಶ್ನೆಯನ್ನು ಅವನ ಮುಂದಿಟ್ಟೆನು. ಅವನು ಎಸ್‌ಎಸ್‌ಡಿ, ಬ್ಯಾಟರಿಗಳನ್ನು ಬದಲಿಸಿಕೊಂಡು ಇನ್ನೂ ಅದನ್ನೇ ಬಳಸುತ್ತಿದ್ದಾನೆ.

ಎಲ್ಲ ಹಳೆಯ ಯಂತ್ರಗಳೂ ದಾನಕ್ಕೆ ಯೋಗ್ಯವಲ್ಲ. ಪರದೆ ಒಡೆದದ್ದು, ಮದರ್‌ಬೋರ್ಡ್ ಕೆಟ್ಟದ್ದು, ಇಂದಿನ ಅನೇಕ ತಂತ್ರಾಂಶಗಳೇ ದೊರೆಯದ 32 ಬಿಟ್ಟಿನ ಅತಿ ಹಳೆಯ ಯಂತ್ರ, ಇವುಗಳ ಮೇಲೆ ಹಣ ಸುರಿಯುವುದು ವ್ಯರ್ಥ. ಅವುಗಳನ್ನು ಬೀದಿಯ ಗುಜರಿಗೆ ಹಾಕುವುದೂ ಸರಿಯಲ್ಲ. ಗುಜರಿಯಲ್ಲಿ ತಾಮ್ರಕ್ಕಾಗಿ ತಂತಿಯನ್ನು ಸುಡುತ್ತಾರೆ, ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದುತ್ತಾರೆ. ಆ ಹೊಗೆ ಮತ್ತು ವಿಷವನ್ನು ಉಣ್ಣುವವರು ಬಡವರೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಮರುಬಳಕೆದಾರರಿಗೇ ಅದನ್ನು ಒಪ್ಪಿಸಬೇಕು. ಕೊಡುವ ಯಂತ್ರವಿರಲಿ, ಒಪ್ಪಿಸುವ ಯಂತ್ರವಿರಲಿ, ನಮ್ಮ ಕಾಗದಪತ್ರಗಳನ್ನು ಪೂರ್ತಿಯಾಗಿ ಅಳಿಸಿದ ಮೇಲೆಯೇ ಕೈಬಿಡಬೇಕು.

ಇನ್ನೊಂದು ಸಂದೇಹವನ್ನು ಹಿರಿಯರೊಬ್ಬರು ಮುಂದಿಟ್ಟರು: “ಈ ಯಂತ್ರಗಳಿಂದ ಮಕ್ಕಳು ಕೆಡುವುದನ್ನು ಕಣ್ಣಾರೆ ಕಾಣುತ್ತೇವಲ್ಲ, ಇದನ್ನು ಕೊಡುವುದು ಅನರ್ಥದಂಡವಲ್ಲವೇ?” ಸಂದೇಹವು ನ್ಯಾಯವಾದದ್ದೇ. ನಿಷ್ಪ್ರಯೋಜಕವಾಗಿ ಪಾಪಕ್ಕೆ ದಾರಿಮಾಡುವ ಸಾಧನವನ್ನು ಕೊಡಬಾರದೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಆದರೆ ಪರದೆಯ ಮುಂದೆ ಕುಳಿತು ಬಂದದ್ದನ್ನು ನೋಡುವುದು ಬೇರೆ, ಪರದೆಗೆ ಏನು ಮಾಡಬೇಕೆಂದು ಹೇಳಿಕೊಡುವುದು ಬೇರೆ. ಪ್ರೋಗ್ರಾಂ ಬರೆಯುವುದೆಂದರೆ ಒಂದು ಸಮಸ್ಯೆಯನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಬಿಡಿಸಿ, ತಪ್ಪನ್ನು ತಾನೇ ಹುಡುಕಿ ತಿದ್ದುವ ಅಭ್ಯಾಸ. ನೇಕಾರನ ಮನೆಗೆ ಇದು ದೂರದ ವಿದ್ಯೆಯೂ ಅಲ್ಲ. ಫ್ರಾನ್ಸಿನ ಜಕಾರ್ಡನು 19ನೆಯ ಶತಮಾನದ ಆದಿಯಲ್ಲಿ ರೂಪಿಸಿದ ಮಗ್ಗದ ರಂಧ್ರಪಟ್ಟಿಗಳನ್ನು ಕಂಡೇ ಇಂಗ್ಲೆಂಡಿನ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಆಜ್ಞೆ ಕೊಡುವ ಬಗೆಯನ್ನು ಯೋಚಿಸಿದನು.

ಜೈನ ಸಮಾಜಕ್ಕಂತೂ ಗಣಿತವು ಪರಕೀಯವಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿದರು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಸಾಮಾನ್ಯ ಸೂತ್ರ ಅದರಲ್ಲಿದೆ. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಕೂಡಿಸಿದರೆ ಎಷ್ಟು ಭೇದಗಳಾಗುವವು ಎಂಬ ಲೆಕ್ಕವನ್ನೂ ಅವರು ಒಡ್ಡಿದ್ದಾರೆ. ಈ ಲೆಕ್ಕವನ್ನು ಹುಡುಗನಿಗೆ ಹೇಳಿದೆನು. ಎರಡು ದಿನ ಬಿಟ್ಟು ಅವನ ಫೋನ್ ಬಂತು. ಪ್ರೋಗ್ರಾಂ ಬರೆದು ಎಲ್ಲ ಭೇದಗಳನ್ನೂ ಪರದೆಯ ಮೇಲೆ ಪಟ್ಟಿ ಮಾಡಿದ್ದನು: ಆರು, ಹದಿನೈದು, ಇಪ್ಪತ್ತು, ಹದಿನೈದು, ಆರು, ಒಂದು, ಒಟ್ಟು 63. ಅನಂತರ ಕೇಳಿದನು: “ಅಜ್ಜಾರ, ಪ್ರತಿ ರುಚಿನೂ ಇರಬೇಕು ಇಲ್ಲಾ ಇರಬಾರದು. ಎರಡನ್ನ ಆರು ಸಲ ಗುಣಿಸಿದ್ರ ಅರವತ್ನಾಕ ಬರತೈತಿ. ಒಂದ ಯಾಕ ಕಡಿಮಿ ಬಂತ್ರಿ?”

ಯಾವ ರುಚಿಯನ್ನೂ ಹಾಕದ ಅಡಿಗೆಯೇ ಆ ಅರವತ್ನಾಲ್ಕನೆಯದು, ಅದನ್ನು ಆಚಾರ್ಯರು ಎಣಿಸಲಿಲ್ಲವೆಂದು ಹೇಳಿದೆನು. ಅವನು ನಕ್ಕನು. ಮೂರು ತಿಂಗಳು ತನ್ನನ್ನು ಮಂದಬುದ್ಧಿಯೆಂದು ನಂಬಿದ್ದ ಹುಡುಗನು ಇವನೇ. ನಾನು ಆ ದಿನ ಗಜೇಂದ್ರಗಡಕ್ಕೆ ಬೇರೆ ಕೆಲಸದ ಮೇಲೆ ಹೋಗದಿದ್ದರೆ ಆ ನಂಬಿಕೆಯು ಅವನ ಜೊತೆಗೇ ಬೆಳೆಯುತ್ತಿತ್ತು, ನನ್ನ ದಾನದ ಸಂತೋಷವೂ ನನ್ನ ಜೊತೆಗೆ ಹಾಗೆಯೇ ಉಳಿಯುತ್ತಿತ್ತು. ಇಂಥ ಎಷ್ಟು ದಾನಗಳನ್ನು ಮಾಡಿ ತಿರುಗಿ ನೋಡಿಲ್ಲವೋ ಎಂದು ಈಗ ಅಂಜಿಕೆಯಾಗುತ್ತದೆ.

ಕೊನೆಯಲ್ಲಿ ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ವಿನಂತಿ. ತತ್ತ್ವಾರ್ಥಸೂತ್ರವು ಅತಿಥಿಸಂವಿಭಾಗ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮಾತ್ಸರ್ಯವೆಂದರೆ ಆದರವಿಲ್ಲದೆ ಕೊಡುವುದು. ಕಾಲಾತಿಕ್ರಮವೆಂದರೆ ಹೊತ್ತು ಮೀರಿ ಕೊಡುವುದು. ಮುನಿಗಳ ಆಹಾರದಾನಕ್ಕಾಗಿ ಹೇಳಿದ ಈ ದೋಷಗಳು ಯಂತ್ರದಾನಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತವೆ! ಕಚೇರಿಯ ಕಂಪ್ಯೂಟರು ಹಳೆಯದಾದರೆ ಅದನ್ನು ದಾಸ್ತಾನಿನ ಪುಸ್ತಕದಲ್ಲಿ ಬರೆದು ಕಪಾಟಿಗೆ ಸೇರಿಸುತ್ತೇವೆ. ಐದಾರು ವರ್ಷಗಳ ಮೇಲೆ ಯಾರೋ ಕೇಳಿದಾಗ ಹೊರಗೆ ತೆಗೆಯುತ್ತೇವೆ. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ್ದರಿಂದಲೇ ಅವು ಉಳಿದವು, ನಿಜ. ಆದರೆ ಅವು ಜಿಜ್ಞಾಸುಗಳ ಕೈ ಸೇರಿದ್ದು ಪ್ರತಿಗಳನ್ನು ಮಾಡಿದ ಮೇಲೆ, 1939ರಿಂದ ಮುದ್ರಣವಾಗತೊಡಗಿದ ಮೇಲೆ. ತಾಳೆಗರಿಯಾದರೂ ಕಪಾಟಿನಲ್ಲಿ ಶತಮಾನಗಳ ಕಾಲ ಬಾಳುತ್ತದೆ. ಲ್ಯಾಪ್‌ಟಾಪು ಕಪಾಟಿನಲ್ಲಿಯೇ ಸಾಯುತ್ತದೆ. ಬಳಸದ ಬ್ಯಾಟರಿ ಒಂದೆರಡು ವರ್ಷಗಳಲ್ಲಿ ಕೆಡುತ್ತದೆ, ತಂತ್ರಾಂಶವು ಹಿಂದೆ ಬೀಳುತ್ತದೆ. ಕೊಡುವುದಾದರೆ ಬಿಟ್ಟ ವರ್ಷವೇ ಕೊಡಬೇಕು.

ನರೇಗಲ್ಲಿನಲ್ಲಿ ಗಂಗರಾಣಿ ಪದ್ಮಬ್ಬರಸಿಯು 950ರಲ್ಲಿ ಬಸದಿಯನ್ನು ಕಟ್ಟಿಸಿದಾಗ ಅದಕ್ಕೆ ದಾನಶಾಲೆಯೂ ಇತ್ತು. ಅದು ನಡೆಯುವುದಕ್ಕೆ ದತ್ತಿಯನ್ನೂ ಬಿಟ್ಟಿದ್ದರು. ಕಟ್ಟಡದ ಜೊತೆಗೆ ಅದರ ನಿರ್ವಹಣೆಯನ್ನೂ ಯೋಚಿಸಿದವರು ನಮ್ಮ ಪೂರ್ವಿಕರು. ಟ್ರಸ್ಟುಗಳು ವಿದ್ಯಾರ್ಥಿಗಳಿಗೆ ಯಂತ್ರ ಕೊಡುವಾಗ ಪ್ರತಿ ಯಂತ್ರದ ಜೊತೆಗೆ ದುರಸ್ತಿಗೆಂದು ಒಂದು ಚಿಕ್ಕ ಮೊತ್ತವನ್ನು ಬೇರೆಯಾಗಿಡಲಿ. ಕೊಡುವ ಮೊದಲು ಸಮಾಜದ ಒಬ್ಬ ತಿಳಿದ ತರುಣನು ಒಂದು ದಿನ ಅದನ್ನು ಬಳಸಿ ನೋಡಲಿ. ಮೂರು ತಿಂಗಳಾದ ಮೇಲೆ ಒಬ್ಬರು ಆ ಮನೆಗೆ ಹೋಗಿ ವಿಚಾರಿಸಲಿ. ಹೋದಾಗ “ಕಲಿತೆಯಾ?” ಎಂದು ಹುಡುಗನನ್ನು ಕೇಳುವ ಮೊದಲು “ಯಂತ್ರ ಸರಿ ನಡೆಯುತ್ತದೆಯೇ?” ಎಂದು ಕೇಳಲಿ. ಹಾರ-ಶಾಲುಗಳ ಸಮಾರಂಭಕ್ಕಿಂತ ಈ ಒಂದು ಪ್ರಶ್ನೆಗೆ ಹೆಚ್ಚಿನ ಬೆಲೆಯಿದೆ.

ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿರುವುದೇ ಅವುಗಳ ಸ್ವಭಾವವೆಂದು ಉಮಾಸ್ವಾಮಿಗಳು ಹೇಳಿದ್ದನ್ನು ನಾವು ಲಾಂಛನದಲ್ಲಿ ಬರೆದುಕೊಂಡಿದ್ದೇವೆ. ಹುಡುಗನಿಗೆ ನಾನು ಒಂದು ಯಂತ್ರವನ್ನು ಕೊಟ್ಟೆನು. ದಾನವೆಂದರೇನೆಂಬುದನ್ನು ಈ ವಯಸ್ಸಿನಲ್ಲಿ ಅವನು ನನಗೆ ಕಲಿಸಿದನು. ಲೆಕ್ಕ ಹಾಕಿದರೆ ಋಣವು ನನ್ನ ಮೇಲೆಯೇ ಉಳಿದಿದೆ.